ಪಿಆರ್‌ಗೆ ಯಾವ ವೀಸಾ ಬೇಗ ಅಂತ ಮೊದಲು ಕೇಳಬೇಡಿ

ಆಸ್ಟ್ರೇಲಿಯಾಕ್ಕೆ ಬರಬೇಕೆನ್ನುವವರೂ ಇಲ್ಲಿ ಓದು ಮುಗಿಸಿ ಕೂತವರೂ ನನ್ನನ್ನು ಕೇಳುವುದು ಒಂದೇ. "ಅಣ್ಣಾ, ಪಿಆರ್‌ಗೆ ಯಾವ ವೀಸಾ ಬೇಗ?" ಪಿಆರ್ ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ. ಬೇಗ ಅನ್ನುವುದು ನಮ್ಮ ಕೈಯಲ್ಲಿಲ್ಲ. ಜುಲೈ ಬಂದರೆ ಹೊಸ ವರ್ಷದ ಲೆಕ್ಕ, ಹೊಸ ಕೋಟಾ. ಇವತ್ತು ಓಡುತ್ತಿರುವ ದಾರಿ ಮುಂದಿನ ವರ್ಷ ತೆವಳಬಹುದು. ನಾನು ಕೇಳಿಕೊಳ್ಳುವುದು ಬೇರೆ. ಈ ದಾರಿಯಲ್ಲಿ ನನ್ನ ಜುಟ್ಟು ಯಾರ ಕೈಯಲ್ಲಿರುತ್ತದೆ? ಅರ್ಧದಲ್ಲಿ ನಿಂತರೆ ನನಗೆ ಏನು ಉಳಿಯುತ್ತದೆ?

189 ನಂಬರಿನ ವೀಸಾ ಎಲ್ಲರ ಕನಸು. ರಾಜ್ಯದ ಹಂಗಿಲ್ಲ, ಕಂಪನಿಯ ಹಂಗಿಲ್ಲ, ಬಂದ ದಿನದಿಂದಲೇ ಪಿಆರ್. ಆದರೆ ವಯಸ್ಸು, ಓದು, ಅನುಭವಕ್ಕೆಲ್ಲ ಕೊಡುವ ಪಾಯಿಂಟ್ ಸೇರಿ 65 ಇದೆ ಅಂದರೆ ವೀಸಾ ಸಿಕ್ಕಿತು ಅಂತಲ್ಲ, ಸಾಲಿನಲ್ಲಿ ನಿಲ್ಲಬಹುದು ಅಂತ ಅಷ್ಟೇ. ಹೆಚ್ಚು ಪಾಯಿಂಟ್ ಇದ್ದವರನ್ನು ಮೊದಲು ಕರೆಯುತ್ತಾರೆ, ಅದೂ ಕೆಲಸದ ಬಗೆ ನೋಡಿ. ಐಟಿಯವರು 90 ಇಟ್ಟುಕೊಂಡೂ ಕಾದು ಕೂತದ್ದನ್ನು ನೋಡಿದ್ದೇನೆ. ಜೊತೆಗೆ ಅವರ ಅರ್ಹತೆ ಅಳೆಯುವ ಎಸಿಎಸ್ ಸಂಸ್ಥೆಯ ಅಸೆಸ್‌ಮೆಂಟ್‌ನಲ್ಲಿ ಅನುಭವದ ಮೊದಲ ಕೆಲವು ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ರೆಸ್ಯೂಮೆಯಲ್ಲಿ ಹತ್ತು ವರ್ಷ ಇದ್ದರೂ ಪಾಯಿಂಟ್ ಅಷ್ಟಕ್ಕೆ ಸಿಗುವುದಿಲ್ಲ.

ಇದರ ನಡುವೆ ವಯಸ್ಸು ಓಡುತ್ತಿರುತ್ತದೆ. 25ರಿಂದ 32ರವರೆಗೆ 30 ಪಾಯಿಂಟ್, 33ಕ್ಕೆ 25, 40ಕ್ಕೆ 15. 45 ತುಂಬುವುದರೊಳಗೆ ಇನ್ವಿಟೇಷನ್ ಬರದಿದ್ದರೆ ಈ ಬಾಗಿಲು ಮುಚ್ಚಿತು. ಗೆಳೆಯನೊಬ್ಬನ 33ನೇ ಹುಟ್ಟುಹಬ್ಬದ ರಾತ್ರಿ ವಾಟ್ಸಾಪ್ ತುಂಬ ಶುಭಾಶಯ. ಬೆಳಿಗ್ಗೆ ಈ ಸಾಲು ನಡೆಸುವ ಸರ್ಕಾರದ ವೆಬ್‌ಸೈಟ್ ಸ್ಕಿಲ್‌ಸೆಲೆಕ್ಟ್ ತೆರೆದರೆ 85 ಇದ್ದದ್ದು 80 ಆಗಿತ್ತು. ಯಾರೂ ಏನೂ ಮಾಡಿರಲಿಲ್ಲ, ವಯಸ್ಸಿನ ಲೆಕ್ಕ ಅಲ್ಲಿ ತಾನಾಗಿಯೇ ಬದಲಾಗುತ್ತದೆ. ಅದಕ್ಕೇ ಯಾರಾದರೂ ಸಲಹೆ ಕೇಳಿದರೆ ನಾನು ಡಿಗ್ರಿ ಕೇಳುವುದಿಲ್ಲ. ಮೊದಲು ಹುಟ್ಟಿದ ತಾರೀಕು ಕೇಳುತ್ತೇನೆ.

ಆಮೇಲೆ ಮನೆಯವರ ವಿಷಯ. ಒಂಟಿಯಾಗಿದ್ದರೆ 10 ಪಾಯಿಂಟ್. ಮದುವೆಯಾಗಿದ್ದು ಸಂಗಾತಿಗೆ ಅಸೆಸ್‌ಮೆಂಟೂ ಇಂಗ್ಲಿಷ್ ಸ್ಕೋರೂ ಇದ್ದರೆ ಅದೇ 10, ಇಂಗ್ಲಿಷ್ ಮಾತ್ರ ಇದ್ದರೆ 5, ಎರಡೂ ಇಲ್ಲದಿದ್ದರೆ ಸೊನ್ನೆ. (ಮದುವೆಗೆ ಮೊದಲು ಜಾತಕದ ಜೊತೆ ಐಇಎಲ್‌ಟಿಎಸ್ ಸ್ಕೋರನ್ನೂ ಕೇಳುವ ಕಾಲ ಬಂದರೆ ನನಗೇನೂ ಆಶ್ಚರ್ಯವಿಲ್ಲ.) ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ನಮ್ಮವರಲ್ಲಿ ಅರ್ಜಿ ಗಂಡನ ಹೆಸರಿನಲ್ಲೇ ಆಗಬೇಕು ಅಂತ ಯಾರೂ ಹೇಳದೆಯೇ ತೀರ್ಮಾನವಾಗಿರುತ್ತದೆ. ಹೆಂಡತಿ ನರ್ಸ್ ಅಥವಾ ಟೀಚರ್ ಆಗಿರುತ್ತಾರೆ, ಈ ದೇಶಕ್ಕೆ ಬೇಕಾದ ಕೆಲಸವೇ. ಆದರೂ ಅವರ ಸರ್ಟಿಫಿಕೇಟುಗಳು ಊರಿನ ಬೀರುವಿನಲ್ಲಿ, ಗಂಡನ ಇಒಐ (ವೀಸಾಕ್ಕೆ ಆಸಕ್ತಿ ತಿಳಿಸುವ ಅರ್ಜಿ) ಇಲ್ಲಿ ಸಾಲಿನಲ್ಲಿ. ಇಬ್ಬರ ಪಾಯಿಂಟನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿ. ಯಾರದು ಜಾಸ್ತಿಯೋ, ಯಾರ ಕೆಲಸಕ್ಕೆ ಬೇಡಿಕೆಯೋ, ಅವರೇ ಮುಖ್ಯ ಅರ್ಜಿದಾರರಾಗಲಿ.

ಇನ್ನೊಂದು 5 ಪಾಯಿಂಟ್ ನಾಟಿ ಸಿಸಿಎಲ್ ಅನ್ನುವ ಬಾಯಿಮಾತಿನ ಅನುವಾದದ ಪರೀಕ್ಷೆಯಿಂದ ಬರುತ್ತದೆ, ಕನ್ನಡದಲ್ಲೂ ಕೊಡಬಹುದು. ಎರಡು ಸಂಭಾಷಣೆ, 90ಕ್ಕೆ 63 ಬೇಕು. ಮನೆಯಲ್ಲಿ ಕನ್ನಡ ಮಾತಾಡ್ತೀವಲ್ಲ ಅಂತ ಸುಮ್ನೆ ಹೋಗಿ ಫೇಲಾದವರಿದ್ದಾರೆ.

ಈಗ 491, ಮೂರು ದೊಡ್ಡ ನಗರಗಳ ಹೊರಗೆ ನೆಲೆಸುವವರಿಗೆ ಕೊಡುವ ರೀಜನಲ್ ವೀಸಾ. ಇದನ್ನು ಹೇಳಿದ ಕೂಡಲೇ ಜನ ಮುಖ ಸಿಂಡರಿಸುತ್ತಾರೆ. "ಅದು ಪಿಆರ್ ಅಲ್ವಲ್ಲ?" ಹೌದು, ಅಲ್ಲ. ಐದು ವರ್ಷದ ತಾತ್ಕಾಲಿಕ ವೀಸಾ, 2019ರ ನವೆಂಬರ್‌ನಲ್ಲಿ ಬಂದದ್ದು. ಆದರೆ ರಾಜ್ಯದ ನಾಮಿನೇಷನ್ (ಇವರು ನಮಗೆ ಬೇಕು ಅನ್ನುವ ಶಿಫಾರಸು) ಸಿಕ್ಕರೆ ನೇರ ಪಿಆರ್ ಕೊಡುವ 190 ವೀಸಾಕ್ಕೆ 5 ಪಾಯಿಂಟ್, ಇದಕ್ಕೆ 15. ರೀಜನಲ್ ಅಂದರೆ ಕುರಿ ದೊಡ್ಡಿ ಅಂತ ತಿಳಿದವರೇ ಜಾಸ್ತಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಉಳಿದದ್ದೆಲ್ಲ ಈ ವೀಸಾಕ್ಕೆ ರೀಜನಲ್. ಅಡಿಲೇಡ್, ಪರ್ತ್, ಕ್ಯಾನ್‌ಬೆರಾ ಎಲ್ಲ ಸೇರುತ್ತವೆ. ಅಲ್ಲಿ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು, ಸರ್ಕಾರಿ ಆರೋಗ್ಯ ಸೌಲಭ್ಯ ಮೆಡಿಕೇರ್ ಇದೆ. ಮೂರು ವರ್ಷ ಅಲ್ಲೇ ಇದ್ದು ದುಡಿದು, ಮೂರು ವರ್ಷದ ಟ್ಯಾಕ್ಸ್ ಅಸೆಸ್‌ಮೆಂಟ್ ತೋರಿಸಿದರೆ 191 ಪಿಆರ್‌ಗೆ ಅರ್ಜಿ. ಅದಕ್ಕೆ ಮತ್ತೆ ಯಾರ ನಾಮಿನೇಷನ್ನೂ ಬೇಡ. ಜುಟ್ಟು ನಮ್ಮ ತಲೆಯ ಮೇಲೇ ಇರುತ್ತದೆ.

ಸಿಟಿಜನ್‌ಶಿಪ್ ಲೆಕ್ಕ ಹಾಕಿ ನೋಡಿ, ಇನ್ನೂ ಮಜಾ ಇದೆ. ನಾಲ್ಕು ವರ್ಷ ಇಲ್ಲಿ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್ ಆಗಿರಬೇಕು. 491ರಲ್ಲಿ ಕಳೆದ ವರ್ಷಗಳೂ ಆ ನಾಲ್ಕರಲ್ಲಿ ಸೇರುತ್ತವೆ. 190 ಹಿಡಿದು ನೇರ ಬಂದವರಿಗೂ ನಾಲ್ಕು ವರ್ಷ ಬೇಕೇ ಬೇಕು. ಅವರಿಗೂ ನಿಮಗೂ ಇರುವ ಅಂತರ ಅಂದುಕೊಂಡಷ್ಟು ದೊಡ್ಡದಲ್ಲ. ತೊಂದರೆಗಳಿಲ್ಲ ಅಂತ ಹೇಳುತ್ತಿಲ್ಲ. ಪಿಆರ್ ಬರುವವರೆಗೆ ಮಕ್ಕಳ ಯೂನಿವರ್ಸಿಟಿ ಫೀಸು ಹೊರದೇಶದವರ ದರದಲ್ಲೇ. ಮೂರು ವರ್ಷ ತುಂಬುವ ಮೊದಲು 189, 190ಕ್ಕೆ ಹಾರುವ ಹಾಗಿಲ್ಲ. ಸಿಡ್ನಿಯಲ್ಲಿ ಒಳ್ಳೆಯ ಆಫರ್ ಬಂದರೂ ಕೈ ಮುಗಿಯಬೇಕು. ಇಷ್ಟು ಒಪ್ಪಿಗೆಯಾದರೆ ನನ್ನ ಓಟು ಇದಕ್ಕೇ.

ಕಂಪನಿ ಸ್ಪಾನ್ಸರ್ ಮಾಡುತ್ತದೆ ಅಂದ ಕೂಡಲೇ ಕುಣಿಯುವವರಿಗೆ ಎರಡು ಮಾತು. ಕಂಪನಿ ಕೊಡಿಸುವ ತಾತ್ಕಾಲಿಕ ವೀಸಾ 482 ಈಗ ಮೊದಲಿಗಿಂತ ವಾಸಿ. ಎರಡು ವರ್ಷ ದುಡಿದರೆ 186 ಅನ್ನುವ ಪಿಆರ್ ವೀಸಾಕ್ಕೆ ಹೋಗಬಹುದು. 2024ರ ಜುಲೈಯಿಂದ, ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು 180 ದಿನ ಸಿಗುತ್ತದೆ, ಮೊದಲು 60 ಇತ್ತು. ಆದರೂ ಕೊನೆಗೆ ನಾಮಿನೇಷನ್ ಹಾಕಬೇಕಾದವರು ಮಾಲೀಕರೇ. ನನಗೆ ಗೊತ್ತಿರುವ ಒಬ್ಬರು ಅಡುಗೆ ಕೆಲಸದ ಮೇಲೆ 482ರಲ್ಲಿ ಇದ್ದರು. ಭಾನುವಾರ ಊಟಕ್ಕೆ ಕರೆದರೆ ತಟ್ಟೆ ಪಕ್ಕ ಫೋನ್ ಇಟ್ಟುಕೊಂಡೇ ಕೂರುತ್ತಿದ್ದರು. ಮಾಲೀಕನ ಹೆಸರು ಕಂಡರೆ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದರು. ಓವರ್‌ಟೈಮ್ ದುಡ್ಡು ಕೇಳಿದ ದಿನ, "ನಿನ್ನ ನಾಮಿನೇಷನ್ ಆಮೇಲೆ ನೋಡೋಣ" ಅನ್ನುವ ಉತ್ತರ. ಎಲ್ಲ ಮಾಲೀಕರೂ ಹೀಗಲ್ಲ, ಒಳ್ಳೆಯವರೂ ಇದ್ದಾರೆ. ಆದರೆ ಒಬ್ಬರ ಒಳ್ಳೆಯತನದ ಮೇಲೆ ಇಡೀ ಸಂಸಾರವನ್ನು ನಿಲ್ಲಿಸಬೇಕಾದ ದಾರಿ ಇದು. ವಯಸ್ಸಿನಿಂದ ಪಾಯಿಂಟ್ ಇಳಿದವರಿಗೆ ಇದೇ ಸರಿ ಇರಬಹುದು. 28ರ ಹುಡುಗ ಇದರ ಹಿಂದೆ ಬೀಳುವುದು ನನಗೆ ಅರ್ಥವಾಗುವುದಿಲ್ಲ. ಸ್ಪಾನ್ಸರ್ ಮಾಡಲು ಇಷ್ಟು ಸಾವಿರ ಕೊಡು ಅಂದರೆ ಅಲ್ಲಿಂದ ಎದ್ದು ಬನ್ನಿ. 2015ರ ಕಾನೂನಿನ ಪ್ರಕಾರ ಕೇಳಿದವರಿಗೆ ಮಾತ್ರವಲ್ಲ, ಕೊಟ್ಟವರಿಗೂ ದಂಡ ಬೀಳುತ್ತದೆ.

ಸ್ಟೂಡೆಂಟ್ ವೀಸಾದ ಮೇಲೆ ಬಂದು ಆಮೇಲೆ ನೋಡಿಕೊಳ್ಳೋಣ ಅನ್ನುವವರು ಎರಡು ವಿಷಯ ಗಮನಿಸಿ. ಅರ್ಜಿ ಶುಲ್ಕವೇ 2024ರ ಜುಲೈನಲ್ಲಿ 710 ಡಾಲರ್‌ನಿಂದ 1,600ಕ್ಕೆ, ಮರುವರ್ಷ 2,000ಕ್ಕೆ ಏರಿತು. ಓದು ಮುಗಿದ ಮೇಲೆ ಸಿಗುವ ತಾತ್ಕಾಲಿಕ ವೀಸಾ 485ಕ್ಕೂ ಈಗ ಹೆಚ್ಚಿನವರಿಗೆ 35 ವರ್ಷದ ವಯಸ್ಸಿನ ಮಿತಿ ಇದೆ. 34ಕ್ಕೆ ಮಾಸ್ಟರ್ಸ್ ಸೇರಿಸುವ ಕನ್ಸಲ್ಟೆನ್ಸಿಯವರು ಇದನ್ನು ಹೇಳುವುದಿಲ್ಲ, ಅವರಿಗೆ ಕಮಿಷನ್ ಬರುವುದು ಕಾಲೇಜಿನಿಂದ.

ಇನ್‌ಬಾಕ್ಸ್‌ಗೆ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಕಳಿಸಬೇಡಿ ದಯವಿಟ್ಟು. ನಾನು ಏಜೆಂಟ್ ಅಲ್ಲ. ದುಡ್ಡು ಕೊಟ್ಟು ಸಲಹೆ ಕೇಳುವುದಾದರೆ ಮೊದಲು ಆ ಏಜೆಂಟರ ಎಂಎಆರ್‌ಎನ್, ಅಂದರೆ ನೋಂದಣಿ ನಂಬರ್ ಕೇಳಿ. ಸರ್ಕಾರದ ರಿಜಿಸ್ಟರ್‌ನಲ್ಲಿ ಹುಡುಕಿ, ಹೆಸರು ಸಿಕ್ಕ ಮೇಲೆ ಮಾತು ಮುಂದುವರಿಸಿ.