ಹತ್ತು ಅಂಕದ ಕ್ವಾಂಟಮ್

ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಶುರುವಾಗಿದೆ. ಹೆಸರು ಬೇಡ, ನಾಳೆ ಬಸ್‌ಸ್ಟ್ಯಾಂಡಲ್ಲಿ ಎದುರಿಗೆ ಸಿಗುತ್ತಾರೆ. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿತಲ್ಲ, ಆ ಸುದ್ದಿ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಫ್ಲೆಕ್ಸ್ ಆಗಿತ್ತು. 'ಗಣಿತದ ಭಯ ಬೇಡ, ಕ್ವಾಂಟಮ್ ಕಲಿಯಿರಿ!'

ಉದ್ಘಾಟನೆಗೆ ಬಂದ ಅತಿಥಿಗಳು, ಕೆಲವು ಯಂತ್ರಗಳನ್ನು ಮೈನಸ್ 273 ಡಿಗ್ರಿ ಹತ್ತಿರ ಇಡಬೇಕು ಅಂದರು. ಆಡಳಿತ ಮಂಡಳಿಯವರೊಬ್ಬರು, "ಅಷ್ಟೇ ಅಲ್ವಾ ಮಾರಾಯ್ರೆ, ಆಗುಂಬೆಯಲ್ಲೊಂದು ರೂಮ್ ನೋಡಿದ್ರಾಯ್ತು" ಅಂದರು. ಚಪ್ಪಾಳೆ ಬಿತ್ತು.

ಪಕ್ಕದ ಮನೆ ಹುಡುಗಿ ಅಲ್ಲೇ ಓದುತ್ತಾಳೆ. ಮೊನ್ನೆ ಮಳೆಗೆ ಕರೆಂಟ್ ಹೋಗಿತ್ತು. ಜಗಲಿಯಲ್ಲಿ ಕೂತು ಅಡಿಕೆ ಮಂಡಿ ಚೀಟಿಯ ಹಿಂದೆ ಹಡಮಾರ್ಡ್ ಗೇಟ್, ಅಂದ್ರೆ ಕ್ವಾಂಟಮ್ ಲೆಕ್ಕದ ಒಂದು ಮೂಲ ಹೆಜ್ಜೆ, ಬರೆದು ತೋರಿಸಿದಳು. ನಾಲ್ಕೇ ಅಂಕಿ: ಮೂರು ಕಡೆ ಒಂದು, ಒಂದು ಕಡೆ ಮೈನಸ್ ಒಂದು. ಎಲ್ಲವನ್ನೂ ರೂಟ್ ಎರಡರಿಂದ ಭಾಗಿಸಬೇಕು. ಸೊನ್ನೆಯ ಮೇಲೆ ಒಮ್ಮೆ ಹಾಕಿದರೆ ಸೊನ್ನೆಗೂ ಒಂದಕ್ಕೂ ಸಮಪಾಲು. ಇನ್ನೊಮ್ಮೆ ಹಾಕಿದರೆ ಒಂದರ ಪಾಲಿನಲ್ಲಿ ಪ್ಲಸ್ಸೂ ಮೈನಸ್ಸೂ ಹೊಡೆದುಕೊಂಡು, ಮತ್ತೆ ಅದೇ ಸೊನ್ನೆ. "ಆಟ ಇರೋದೇ ಈ ಮೈನಸ್‌ನಲ್ಲಿ ಅಂಕಲ್" ಅಂದಳು. ನಂಗೂ ಅರ್ಥವಾಯಿತು ಅಂದ್ರೆ ನೋಡಿ!

ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಕ್ವಾಂಟಮ್ ಕಂಪ್ಯೂಟರ್ ಏಕೆ ವೇಗ? 10 ಅಂಕ. ಗೈಡ್‌ನ ಉತ್ತರ, 'ಎಲ್ಲಾ ಉತ್ತರಗಳನ್ನೂ ಒಂದೇ ಸಲ ನೋಡಿಬಿಡುತ್ತದೆ.' ಇವಳು ಹಾಗೆ ಬರೆಯಲಿಲ್ಲ. ಅಳೆದಾಗ ಸಿಗೋದು ಒಂದೇ ಉತ್ತರ, ತಪ್ಪುಗಳು ಒಂದನ್ನೊಂದು ಹೊಡೆದುಹಾಕುವಂತೆ ಮಾಡೋದೇ ಕೆಲಸ ಅಂತ ಬರೆದಳು. 10 ಲಕ್ಷ ಹೆಸರಿನ ರಾಶಿಯಲ್ಲಿ ಒಂದನ್ನು ಹುಡುಕಲು, ಕಂಪ್ಯೂಟರ್ ವಿಜ್ಞಾನಿ ಗ್ರೋವರ್ 1996ರಲ್ಲಿ ಕೊಟ್ಟ ಕ್ವಾಂಟಮ್ ವಿಧಾನಕ್ಕೂ ಸುಮಾರು 800 ಹೆಜ್ಜೆ ಬೇಕು, ಒಂದೇ ಸಲಕ್ಕೆ ಆಗಲ್ಲ ಅಂತಲೂ ಸೇರಿಸಿದಳು.

ಬಂದದ್ದು ಎರಡು ಅಂಕ. ಗೈಡ್ ಉರು ಹೊಡೆದವರಿಗೆ ಒಂಬತ್ತು. ಕೇಳಲು ಹೋದರೆ ಮೇಷ್ಟ್ರು, "ನೀನು ಬರೆದಿದ್ದು ಗಣಿತ ಆಯ್ತಲ್ಲಮ್ಮಾ, ಫ್ಲೆಕ್ಸ್ ನೋಡಿಲ್ವಾ?" ಅಂದರಂತೆ.

ನಿನ್ನೆ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ ಬಂದಳು. ಎರಡನೇ ಸಲ ಹಾಕಿದರೆ ಮೊದಲಿದ್ದಲ್ಲಿಗೇ ವಾಪಸ್ ಬರುತ್ತದೆ ಅಂತ ಅವಳಿಗೂ ಗೊತ್ತು.