ಜೆಲ್ ಹಚ್ಚಿದರೆ ಸವೆದ ಮಂಡಿ ಮತ್ತೆ ಬೆಳೆಯುತ್ತಾ?

‘ಔಷಧಿಯೇ ಇಲ್ಲದ ಜೆಲ್, ಹಚ್ಚಿದರೆ ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಗಳ ತುದಿಗಿರುವ ಮೆತ್ತೆ) ಮತ್ತೆ ಬೆಳೆಯುತ್ತದೆ, ಮಾತ್ರೆ ಬಿಸಾಡಿ’ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಅಮ್ಮನಿಗೂ ಬಂತು. ಬೆಳಿಗ್ಗೆ ಮಂಚದ ಅಂಚು ಹಿಡಿದು, ಎರಡು ನಿಮಿಷ ನಿಂತು, ಆಮೇಲೆ ಹೆಜ್ಜೆ ಇಡುವವರಿಗೆ ಇಂಥ ಮಾತು ಎಷ್ಟು ಆಸೆ ಹುಟ್ಟಿಸುತ್ತದೆ, ಅಲ್ವಾ?

ಜೆಲ್ ಸುಳ್ಳಲ್ಲ. ಅದರಲ್ಲಿ ನೋವಿನ ಔಷಧಿ ಇರುವುದಿಲ್ಲ, ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅತಿ ಸಣ್ಣ ಗುಳ್ಳೆಗಳಿರುತ್ತವೆ. ಇವು ಕೀಲಿನೊಳಗೆ ಜಾರುವಿಕೆ ಹೆಚ್ಚಿಸುತ್ತವೆ ಎನ್ನುವುದು ತಯಾರಕರ ವಿವರಣೆ. 2013ರಲ್ಲಿ ಪ್ರಕಟವಾದ, 12 ವಾರಗಳ ಪರೀಕ್ಷೆಯೊಂದರಲ್ಲಿ ಮಂಡಿ ಸವೆತದ ನೋವಿಗೆ ಇದು ಕೀಟೋಪ್ರೊಫೆನ್ ಎಂಬ ನೋವಿನ ಔಷಧಿ ಸೇರಿಸಿದ ಜೆಲ್‌ನಷ್ಟೇ ಆರಾಮ ಕೊಟ್ಟಿತು. ಹೊಟ್ಟೆಗೆ ಮಾತ್ರೆ ಆಗದವರಿಗೆ ಇದು ಒಳ್ಳೆಯ ಸುದ್ದಿಯೇ.

ಆದರೆ ಅಲ್ಲಿ ನೋಡಿದ್ದು ನೋವು, ಬಿಗಿತ, ಓಡಾಟ. ಕಾರ್ಟಿಲೇಜ್ ಬೆಳೆಯಿತು ಅಂತಲ್ಲ. ಅದರಲ್ಲಿ ರಕ್ತನಾಳಗಳೇ ಇಲ್ಲ, ಸವೆದರೆ ಸುಲಭವಾಗಿ ತುಂಬಿಕೊಳ್ಳುವುದಿಲ್ಲ.

ಹಚ್ಚುವುದಾದರೆ ಗಾಯವಿಲ್ಲದ ಚರ್ಮಕ್ಕೆ ಹಚ್ಚಿ, ಒಣಗಲು ಬಿಡಿ. ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇದ್ದವರು ಮಾತ್ರೆ ಸುಮ್ನೆ ನಿಲ್ಲಿಸಬೇಡಿ, ಕೀಲು ಹಾಳಾಗಬಹುದು. ಕೀಲು ಕೆಂಪಾಗಿ, ಬಿಸಿಯಾಗಿ ಊದಿ, ಜ್ವರವೂ ಬಂದರೆ ಅಂದೇ ಡಾಕ್ಟರ ಹತ್ತಿರ ಹೋಗಿ.