ಆಂಬುಲೆನ್ಸ್ ಕರೆದವನಿಗೇ ಶೋಕಾಸ್ ನೋಟಿಸ್

ಕಾಲೇಜು ಹುಡುಗರ ಕುಡಿತ ನಿಲ್ಸೋಕೆ ಆಡಳಿತ ಮಂಡಳಿಗಳು ಕಂಡ್ಕೊಂಡಿರೋ ದಾರಿ ಭಾರಿ ಸಲೀಸು. ರೂಲ್ ಬುಕ್‌ನಲ್ಲಿ ಒಂದೇ ಸಾಲು: ಕುಡಿದವರ ಮೇಲೂ ಕ್ರಮ, ಕುಡಿದವರ ಜೊತೆ ಸಿಕ್ಕಿಬಿದ್ದವರ ಮೇಲೂ ಕ್ರಮ. ಅಲ್ಲಿಗೆ ಕ್ಯಾಂಪಸ್ ಪಾನಮುಕ್ತ. ಇನ್ಮೇಲೆ ಯಾರಾದ್ರೂ ಕುಡಿದ್ರೆ ಅದು ರೂಲಿಗೆ ವಿರುದ್ಧ, ರೂಲಿಗೆ ವಿರುದ್ಧ ಆದ್ಮೇಲೆ ಅದು ನಡೀತಾನೇ ಇಲ್ಲ ಅಂತ ಅರ್ಥ, ನಡೀದೇ ಇರೋದ್ರ ಬಗ್ಗೆ ಹುಡುಗರಿಗೆ ಏನಂತ ಹೇಳ್ಕೊಡೋದು, ಸುಮ್ನೆ ಐಡಿಯಾ ಕೊಟ್ಟಂಗಾಗುತ್ತೆ ಅಷ್ಟೇ ಅಲ್ವಾ.

ಈ ರೂಲು ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ರೂಮಲ್ಲಿ ಹೆಂಗೆ ಕೆಲಸ ಮಾಡುತ್ತೆ ನೋಡಿ. ಒಬ್ಬ ಬೆಟ್ ಕಟ್ಟಿ ಗಟಗಟ ಇಳಿಸಿ ಫುಲ್ ಟೈಟಾಗಿ ಬಿದ್ದಿದಾನೆ, ಕರೆದ್ರೆ ಹೂಂ ಅಂತಿಲ್ಲ. ಸುತ್ತ ನಾಲ್ಕು ಜನ ಫ್ರೆಂಡ್ಸ್. ಆಂಬುಲೆನ್ಸ್ ಕರೆದ್ರೆ ಗೇಟಲ್ಲಿ ರಿಜಿಸ್ಟರಿಗೆ ಹೆಸರು ಬೀಳುತ್ತೆ, ಬೆಳಿಗ್ಗೆ ವಾರ್ಡನ್, ಮಧ್ಯಾಹ್ನ ಶಿಸ್ತು ಸಮಿತಿ, ಸಂಜೆ ಅಪ್ಪ. ಕರೀದೇ ಇದ್ರೆ ಯಾವ ರೂಲೂ ಮುರಿದಂಗಾಗಲ್ಲ. ಎಷ್ಟೇ ಆಗ್ಲಿ ಓದೋ ಹುಡುಗರು, ಲೆಕ್ಕ ಬರುತ್ತೆ. "ಮಲಗ್ಲಿ ಬಿಡೋ, ಬೆಳಿಗ್ಗೆ ಸರಿ ಹೋಗ್ತಾನೆ" ಅಂತ ಲೈಟ್ ಆಫ್ ಮಾಡ್ತಾರೆ.

ಆದ್ರೆ ಬಿದ್ದಿರೋನ ಲಿವರ್‌ಗೆ ಈ ರೂಲ್ ಬುಕ್ಕಿನ ಕಾಪಿ ಯಾರೂ ಕಳ್ಸಿರಲ್ಲ. ಅದು ಗಂಟೆಗೆ ಹೆಚ್ಚುಕಮ್ಮಿ ಒಂದು ಡ್ರಿಂಕ್, ಅಂದ್ರೆ 30 ಎಂಎಲ್ ಪೆಗ್‌ನಲ್ಲಿರೋ ಸುಮಾರು 10 ಗ್ರಾಂ ಆಲ್ಕೋಹಾಲು, ಅಷ್ಟನ್ನೇ ಕರಗಿಸೋದು, ಓವರ್‌ಟೈಮೂ ಮಾಡಲ್ಲ, ಶಿಫಾರಸ್ಸಿಗೂ ಬಗ್ಗಲ್ಲ. ಕಾಫಿ ಕುಡಿಸಿದ್ರೆ ಏನೂ ಇಳಿಯಲ್ಲ. ತಲೆ ಮೇಲೆ ತಣ್ಣೀರು ಸುರಿದ್ರೆ ಮೊದಲೇ ಮೈ ಬಿಸಿ ಕಳ್ಕೊಳ್ತಿರೋನು ಇನ್ನಷ್ಟು ತಣ್ಣಗಾಗ್ತಾನೆ. ಎಲ್ಲಕ್ಕಿಂತ ದೊಡ್ಡ ಮೋಸ ಏನಂದ್ರೆ, ಹೊಟ್ಟೇಲಿ ಉಳಿದಿರೋದು ಇನ್ನೂ ರಕ್ತಕ್ಕೆ ಸೇರ್ತಾನೇ ಇರುತ್ತೆ, ಅವನು ಕುಡಿಯೋದು ನಿಲ್ಸಿ ಪ್ರಜ್ಞೆ ತಪ್ಪಿದ ಮೇಲೂ ಮಟ್ಟ ಏರ್ತಾನೇ ಹೋಗುತ್ತೆ. ನಿದ್ದೆ ಹೊಡೀತಿದಾನೆ ಅಂತ ಅಂದ್ಕೊಂಡಿರೋ ಟೈಮಲ್ಲೇ ಅವನಿಗೆ ಜಾಸ್ತಿ ಅಪಾಯ. ಅಂಗಾತ ಮಲಗಿದ್ದು ವಾಂತಿ ಬಂದ್ರೆ ಕೆಮ್ಮಿ ಹೊರಗೆ ಹಾಕೋ ಶಕ್ತಿನೂ ಮಂಕಾಗಿರುತ್ತೆ, ಅದು ಉಸಿರಿನ ದಾರಿಗೆ ಸಿಕ್ಕಿಕೊಳ್ಳುತ್ತೆ.

ಎಬ್ಬಿಸಿದ್ರೆ ಏಳ್ತಿಲ್ಲ, ಉಸಿರು ನಿಮಿಷಕ್ಕೆ 8ಕ್ಕಿಂತ ಕಮ್ಮಿ, ಇಲ್ಲಾ ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ಮಧ್ಯೆ 10 ಸೆಕೆಂಡ್‌ಗಿಂತ ಜಾಸ್ತಿ ಗ್ಯಾಪು, ಮೈ ತಣ್ಣಗೆ, ತುಟಿ ನೀಲಿ. ಇದ್ರಲ್ಲಿ ಒಂದೇ ಒಂದು ಕಂಡ್ರೂ ಆಂಬುಲೆನ್ಸ್ ಕರೀಬೇಕು, ಅದು ಬರೋ ತನಕ ಮಗ್ಗುಲಾಗಿ ಮಲಗ್ಸಿ ಪಕ್ಕದಲ್ಲೇ ಕೂತಿರ್ಬೇಕು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕು ಸ್ವಾಮಿ. ಓರಿಯಂಟೇಷನ್ ದಿನ ಆ ಎರಡು ನಿಮಿಷ ಸಿಗಲ್ಲ, ಯಾಕಂದ್ರೆ ಗಣ್ಯರ ಪರಿಚಯವೇ ಮುಗಿದಿರಲ್ಲ.

ಹುಡುಗರೇನು ಕಮ್ಮಿ ಇಲ್ಲ ಬಿಡಿ. "ನಿನ್ನೆ ಏನಾಯ್ತು ಅಂತಾನೇ ನೆನಪಿಲ್ಲ ಮಗಾ" ಅನ್ನೋದು ಅವರಲ್ಲಿ ಒಂದು ಪದವಿ ಇದ್ದಂಗೆ. ಆ ಬ್ಲ್ಯಾಕೌಟ್ ಅಂದ್ರೆ ಮೆದುಳಿನ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ಹೊಸ ನೆನಪು ಕೂಡಿಡೋದನ್ನೇ ನಿಲ್ಸಿರೋದು, ಆಸಾಮಿ ಓಡಾಡ್ತಿರ್ತಾನೆ, ಮಾತಾಡ್ತಿರ್ತಾನೆ, ಕೆಲವು ಸಲ ಗಾಡಿನೂ ಓಡಿಸ್ತಿರ್ತಾನೆ, ಒಂದೂ ದಾಖಲಾಗಲ್ಲ. ಸಿಲಬಸ್ ತಲೇಲಿ ಕೂರ್ಬೇಕಂದ್ರೂ ಅದೇ ಹಿಪ್ಪೋಕ್ಯಾಂಪಸ್ ಬೇಕು ಅನ್ನೋದನ್ನ ಅವನು ಎಕ್ಸಾಮ್ ಹಾಲಲ್ಲಿ ಕಂಡ್ಕೋತಾನೆ.

ಕಂಪನಿಗಳೂ ಪಾಪ ಕೈಲಾದಷ್ಟು ಮಾಡ್ತಿದಾವೆ. ಯುವಕರು ಕುಣಿಯೋ ಜಾಹೀರಾತು ಪೂರ್ತಿ ತೋರ್ಸಿ ಕೊನೇಲಿ ಇರುವೆ ಸಾಲಿನಷ್ಟು ಅಕ್ಷರದಲ್ಲಿ "ಜವಾಬ್ದಾರಿಯಿಂದ ಕುಡಿಯಿರಿ" ಅಂತ ಹಾಕ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮದ್ಯಾನ 1988ರಲ್ಲೇ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸ್ತು, 2023ರಲ್ಲಿ ಸಂಸ್ಥೆ ಇಷ್ಟು ಕುಡಿದ್ರೆ ಸೇಫ್ ಅನ್ನೋ ಪ್ರಮಾಣವೇ ಇಲ್ಲ ಅಂತನೂ ಹೇಳ್ತು. ಜವಾಬ್ದಾರಿ ಮಾತ್ರ ಇವತ್ತಿಗೂ ಕುಡಿಯೋನದ್ದೇ, ಮಾರೋನಿಗೆ ಲಾಭ ನೋಡ್ಕೊಳ್ಳೋದೇ ಆಗಿಹೋಗಿದೆ.

ಇನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಒಂದು ವಿಚಿತ್ರ ಮಾಡ್ತು. ಕುಡಿದು ಬಿದ್ದವನಿಗೆ ಸಹಾಯ ಬೇಕು ಅಂತ ಫೋನ್ ಮಾಡಿದ್ರೆ ಫೋನ್ ಮಾಡಿದವನಿಗೂ ಬಿದ್ದವನಿಗೂ ಶಿಸ್ತು ಕ್ರಮದಿಂದ ಮಾಫಿ ಅಂತು. ಆಮೇಲೆ ಲೆಕ್ಕ ನೋಡಿದ್ರೆ ಸಹಾಯಕ್ಕೆ ಫೋನ್ ಮಾಡೋರು ಜಾಸ್ತಿ ಆಗಿದ್ರು, ಕುಡಿತ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಇದನ್ನ ಯಾವುದೇ ಶಿಸ್ತು ಸಮಿತಿ ಮುಂದೆ ಹೇಳಿ ನೋಡಿ, "ತಪ್ಪು ಸಂದೇಶ ಹೋಗುತ್ತೆ" ಅಂತಾರೆ. ಸರಿಯಾದ ಸಂದೇಶ ಯಾವುದು ಅಂತ ಕೇಳಿದ್ರೆ ಅದಕ್ಕೊಂದು ಉಪಸಮಿತಿ ಮಾಡ್ತಾರೆ.

ಉಪಸಮಿತಿ ವರದಿ ಬರೋದ್ರೊಳಗೆ ಎಲ್ಲೋ ಒಬ್ಬ ಬೆಳಿಗ್ಗೆ ಏಳಲ್ಲ. ಆಗ ನೋಡಬೇಕು ಚುರುಕುತನ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕೋದ್ರಲ್ಲಿ ನಮ್ಮನ್ನ ಮೀರ್ಸೋರಿಲ್ಲ. ಶ್ರದ್ಧಾಂಜಲಿ, ಮೇಣದಬತ್ತಿ, ಬಲಗೈ ಮುಂದೆ ಚಾಚಿ ಸಾಮೂಹಿಕ ಪ್ರತಿಜ್ಞೆ, ಪ್ರತಿಜ್ಞೆ ಮಾಡಿದವರಿಗೆ ಸರ್ಟಿಫಿಕೇಟು, ಅಟೆಂಡೆನ್ಸೂ ಫ್ರೀ. ರಾತ್ರಿ ಪೂರ್ತಿ ಪಕ್ಕದಲ್ಲಿದ್ದ ನಾಲ್ಕು ಜನಕ್ಕೆ ಶೋಕಾಸ್ ನೋಟಿಸು, ಯಾಕೆ ಆಂಬುಲೆನ್ಸ್ ಕರೀಲಿಲ್ಲ ಅಂತ! ಮತ್ತೆ ಪ್ರತಿ ಫ್ಲೋರಿಗೂ ಒಂದೊಂದು ಬಣ್ಣದ ಪೋಸ್ಟರು, ಬಾಟಲಿ ಮೇಲೆ ತಲೆಬುರುಡೆ, ಅದರ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ, ಪ್ರಿನ್ಸಿಪಾಲ್ ಮೂರೂ ಜನರ ನಗುಮುಖ, ಕೆಳಗೆ ಸಣ್ಣದಾಗಿ ಒಂದು ಫೋನ್ ನಂಬರು. ಹತ್ರ ಹೋಗಿ ನೋಡಿದ್ರೆ ಅದು ಪೋಸ್ಟರ್ ಪ್ರಿಂಟ್ ಮಾಡಿದವನದ್ದು.